ಅಂಶವಿದೆ, ಛೇದವಿಲ್ಲ: ಸ್ಪಿಟ್ಜರ್ ಅಧ್ಯಯನದ ಪ್ರಕರಣ

2001ರ ಮೇ ತಿಂಗಳಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್‌ನ ವಾರ್ಷಿಕ ಸಮಾವೇಶ ನಡೆಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಅಲ್ಲಿ ಒಂದು ಅಧ್ಯಯನ ಮಂಡಿಸಿದರು. ಮೊದಲು ತಮಗೆ ಸಲಿಂಗ ಆಕರ್ಷಣೆ ಇತ್ತು, ಈಗ ವಿರುದ್ಧಲಿಂಗದವರತ್ತ ಒಲವು ಬಂದಿದೆ ಎಂದು ಹೇಳಿಕೊಂಡ 200 ಜನರನ್ನು ಅವರು ಫೋನಿನಲ್ಲಿ ಮಾತನಾಡಿಸಿದ್ದರು. ಇವರಲ್ಲಿ ಕೆಲವರಾದರೂ ನಿಜಕ್ಕೂ ಬದಲಾಗಿದ್ದಾರೆ ಎಂಬುದು ಅವರ ತೀರ್ಮಾನವಾಗಿತ್ತು. ಹನ್ನೊಂದು ವರ್ಷದ ನಂತರ, 2012ರಲ್ಲಿ, ಆ ತೀರ್ಮಾನಕ್ಕೆ ಆಧಾರವಿರಲಿಲ್ಲ ಎಂದು ಅವರೇ ಬರೆದು ಕ್ಷಮೆ ಕೇಳಿದರು.

ಸಲಿಂಗ ಒಲವನ್ನೋ ಲಿಂಗ ಗುರುತನ್ನೋ ಬದಲಿಸಲು ಮಾಡುವ ಪ್ರಯತ್ನಕ್ಕೆ ಪರಿವರ್ತನಾ ಚಿಕಿತ್ಸೆ ಎಂದು ಹೆಸರು. ಅದರ ಪರ ವಾದಿಸುವವರು "ಬದಲಾಗಬಹುದು ಎಂದು ವಿಜ್ಞಾನವೇ ಹೇಳಿದೆ" ಎನ್ನುತ್ತಾರೆ. ಆ ಮಾತಿನ ಮೂಲ ಹುಡುಕಿಕೊಂಡು ಹೋದರೆ ಎಷ್ಟೋ ಸಲ ಈ ಅಧ್ಯಯನದ ಮುಂದೆಯೇ ಬಂದು ನಿಲ್ಲುತ್ತೇವೆ. ಹಾಗಾಗಿ ಇದನ್ನು ಬಿಡಿಬಿಡಿಯಾಗಿ ಬಿಚ್ಚಿ ನೋಡುವುದು ಅಗತ್ಯ. ಯಾರನ್ನು ಕರೆದರು, ಏನು ಕೇಳಿದರು, ಯಾವ ಅಂಕಿ ಎಲ್ಲಿಂದ ಬಂತು, ಯಾವ ಕೀಲು ಮುರಿಯಿತು ಎಂಬುದೆಲ್ಲ ದಾಖಲೆಯಲ್ಲೇ ಇದೆ.

ಆ ಹೆಸರಿನ ತೂಕ

ಇದೇ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಸುದ್ದಿ ಎರಡು ದಿನದಲ್ಲಿ ತಣ್ಣಗಾಗುತ್ತಿತ್ತು. ಆದರೆ 1973ರಲ್ಲಿ ಸಲಿಂಗಾಸಕ್ತಿಯನ್ನು ಅಮೆರಿಕದ ಮನೋರೋಗಗಳ ಅಧಿಕೃತ ಕೈಪಿಡಿಯಾದ ಡಿಎಸ್‌ಎಂನಿಂದ ತೆಗೆಸಿದವರಲ್ಲಿ ಸ್ಪಿಟ್ಜರ್ ಪ್ರಮುಖರು. ಅಂದು ಅವರು ಹೂಡಿದ ವಾದ ಸರಳ. ಒಂದು ಸ್ಥಿತಿಯನ್ನು ರೋಗ ಎನ್ನಬೇಕಾದರೆ ಅದು ಆ ವ್ಯಕ್ತಿಗೆ ಸಂಕಟ ಕೊಡಬೇಕು, ಇಲ್ಲವೇ ಅವರ ದಿನನಿತ್ಯದ ಬಾಳುವೆಗೆ ಅಡ್ಡಿಯಾಗಬೇಕು. ಸಲಿಂಗಾಸಕ್ತಿ ಇದ್ದೂ ನೆಮ್ಮದಿಯಾಗಿ ಬದುಕುವವರು ಬೇಕಾದಷ್ಟು ಮಂದಿ ಇರುವಾಗ ಅದನ್ನು ರೋಗಗಳ ಪಟ್ಟಿಯಲ್ಲಿ ಇಡುವುದು ಹೇಗೆ? ಡಿಸೆಂಬರ್ 15ರಂದು ಸಂಸ್ಥೆಯ ಆಡಳಿತ ಮಂಡಳಿ ಇದನ್ನು ಒಪ್ಪಿತು. ಸಿಟ್ಟಾದ ಮನೋವಿಶ್ಲೇಷಕರು ವಿಷಯವನ್ನು ಸದಸ್ಯರ ಮತಕ್ಕೆ ಹಾಕಿಸಿದರು. 1974ರ ಆ ಮತದಾನದಲ್ಲಿ ನಿರ್ಧಾರದ ಪರ 5,854, ವಿರುದ್ಧ 3,810 ಮತ ಬಿದ್ದವು.

ಆದರೂ ಒಂದು ಸಂದು ಉಳಿದುಕೊಂಡಿತು. ಸಲಿಂಗಾಸಕ್ತಿ ರೋಗವಲ್ಲ, ಆದರೆ ಅದರಿಂದ ಕಳವಳಪಡುವವರಿಗೆ ಒಂದು ರೋಗನಾಮ ಇರಲಿ ಎಂದು ರಾಜಿಯಾಯಿತು. ಸ್ಪಿಟ್ಜರ್ ಅವರ ನೇತೃತ್ವದಲ್ಲೇ 1980ರಲ್ಲಿ ಬಂದ ಡಿಎಸ್‌ಎಂ-3ರಲ್ಲಿ ಅದಕ್ಕೆ ಹೊಸ ಹೆಸರೂ ಸಿಕ್ಕಿತು. 1987ರ ಪರಿಷ್ಕರಣೆಯಲ್ಲಿ ಅದನ್ನೂ ಕೈಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತನ್ನ ಪಟ್ಟಿಯಿಂದ ಸಲಿಂಗಾಸಕ್ತಿಯನ್ನು ತೆಗೆಯಿತು. ಮನೆಯವರ ಬೈಗುಳ, ಧರ್ಮಗುರುವಿನ ಬೆದರಿಕೆ, ಕೆಲಸ ಹೋದೀತೆಂಬ ಭಯ, ಇವೆಲ್ಲ ಸೇರಿ ಹುಟ್ಟಿಸುವ ಸಂಕಟವನ್ನು ಆ ವ್ಯಕ್ತಿಯೊಳಗಿನ ದೋಷವೆಂದು ಬರೆದುಕೊಳ್ಳಲು ಆ ರೋಗನಾಮ ಅವಕಾಶ ಕೊಟ್ಟಿತ್ತು. ಪರಿವರ್ತನಾ ಚಿಕಿತ್ಸೆಯ ಬಹುಪಾಲು ಸಮರ್ಥನೆ ಇಂದಿಗೂ ನಡೆಯುವುದು ಇದೇ ದಾರಿಯಲ್ಲಿ: "ಅವನೇ ಬೇಡ ಅಂತಿದ್ದಾನೆ, ಸಹಾಯ ಮಾಡಿದರೆ ತಪ್ಪೇನು?" ಬೇಡ ಎನ್ನುವಂತೆ ಮಾಡಿದ್ದು ಯಾವುದು ಎಂದು ಕೇಳುವವರು ಕಡಿಮೆ.

ಅದೇ ಸೈಕಿಯಾಟ್ರಿಕ್ ಅಸೋಸಿಯೇಷನ್‌ನ 1999ರ ಸಮಾವೇಶದ ಹೊರಗೆ, ತಾವು ಬದಲಾಗಿದ್ದೇವೆ ಎನ್ನುವ ಕೆಲವರು ಪ್ರತಿಭಟನೆಗೆ ನಿಂತಿದ್ದರು. ಸ್ಪಿಟ್ಜರ್ ಅವರೊಡನೆ ಮಾತನಾಡಿದರು. ಯಾರೊಬ್ಬರೂ ಬದಲಾಗಲಾರರು ಎಂಬುದು ವೃತ್ತಿಯವರೆಲ್ಲ ಒಪ್ಪಿದ ಮಾತಾಗಿತ್ತು. ಎಲ್ಲರೂ ಒಪ್ಪಿದ್ದನ್ನು ಕೆದಕಿ ನೋಡುವುದು ಸ್ಪಿಟ್ಜರ್ ಸ್ವಭಾವ. ಅಧ್ಯಯನ ಅಲ್ಲಿಂದ ಶುರುವಾಯಿತು.

ಅಧ್ಯಯನ ನಡೆದ ಬಗೆ

ಪ್ರಬಂಧ ಅಚ್ಚಾದದ್ದು 2003ರ ಅಕ್ಟೋಬರ್‌ನಲ್ಲಿ, ಆರ್ಕೈವ್ಸ್ ಆಫ್ ಸೆಕ್ಷುಯಲ್ ಬಿಹೇವಿಯರ್ ಎಂಬ ಪತ್ರಿಕೆಯ 32ನೇ ಸಂಪುಟದಲ್ಲಿ. ಅದರ ಶೀರ್ಷಿಕೆಯಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ಒಂದು ಪ್ರಶ್ನೆ: ಕೆಲವು ಗೇ ಪುರುಷರು ಮತ್ತು ಲೆಸ್ಬಿಯನ್ನರು ತಮ್ಮ ಲೈಂಗಿಕ ಒಲವನ್ನು ಬದಲಿಸಿಕೊಳ್ಳಬಲ್ಲರೇ? ಎರಡನೆಯದು ಕೈಯಲ್ಲಿರುವ ಸರಕಿನ ವಿವರ: ಬದಲಾವಣೆಯಾಗಿದೆ ಎಂದು ವರದಿ ಮಾಡಿದ 200 ಜನ. 'ಬದಲಾಗಬಲ್ಲರೇ' ಎಂದು ಕೇಳಿ 'ಬದಲಾದೆವು ಎಂದರು' ಎಂದು ಉತ್ತರಿಸಿದ ಹಾಗಾಯಿತು. ಅಧ್ಯಯನದ ಇಡೀ ಕಥೆ ಈ ಎರಡರ ನಡುವಿನ ಕಂದಕದಲ್ಲಿದೆ.

ಪಾಲ್ಗೊಳ್ಳುವವರನ್ನು ಹುಡುಕಲು ಸುಮಾರು 16 ತಿಂಗಳು ಹಿಡಿಯಿತು. ಹೆಚ್ಚಿನವರು ಬಂದದ್ದು ಎರಡು ಮೂಲಗಳಿಂದ. ಒಂದು, ಎಕ್ಸೋಡಸ್‌ನಂಥ ಧಾರ್ಮಿಕ 'ಮಾಜಿ ಗೇ' ಸಂಘಟನೆಗಳು. ಇನ್ನೊಂದು, ಇಂಥ ಚಿಕಿತ್ಸೆ ಕೊಡುವವರ ಸಂಘವಾದ ನಾರ್ತ್ ಮತ್ತು ಅದರ ಚಿಕಿತ್ಸಕರು. ಒಟ್ಟು 274 ಜನರನ್ನು ಸಂದರ್ಶಿಸಿ, ಮಾನದಂಡಕ್ಕೆ ಹೊಂದದ 74 ಜನರನ್ನು ಬಿಟ್ಟರು. ಉಳಿದವರು 143 ಗಂಡಸರು, 57 ಹೆಂಗಸರು. ಬದುಕಿನಲ್ಲಿ ಧರ್ಮ ಬಹಳ ಮುಖ್ಯ ಎಂದವರು 93%. ಒಲವು ಬದಲಿಸುವ ಪ್ರಯತ್ನದ ಪರ ಮೊದಲೇ ಸಾರ್ವಜನಿಕವಾಗಿ ಮಾತನಾಡಿದ್ದವರು 78%.

ಒಳಬರುವ ಷರತ್ತುಗಳನ್ನು ಗಮನವಿಟ್ಟು ನೋಡಬೇಕು. 0ಯಿಂದ 100ರವರೆಗಿನ ಆಕರ್ಷಣೆಯ ಅಳತೆಪಟ್ಟಿಯಲ್ಲಿ 100 ಎಂದರೆ ಪೂರ್ತಿ ಸಲಿಂಗ ಆಕರ್ಷಣೆ. ಪ್ರಯತ್ನ ಶುರುಮಾಡುವ ಮೊದಲಿನ ವರ್ಷ ಕನಿಷ್ಠ 60 ಇದ್ದಿರಬೇಕು. ಆಮೇಲೆ ಕನಿಷ್ಠ 10 ಅಂಕದಷ್ಟು ವಿರುದ್ಧಲಿಂಗದ ಕಡೆಗೆ ಸರಿದಿರಬೇಕು, ಆ ಬದಲಾವಣೆ ಕನಿಷ್ಠ 5 ವರ್ಷ ಉಳಿದಿರಬೇಕು. ಈ ಅಂಕಗಳನ್ನೆಲ್ಲ ಕೊಟ್ಟವರು ಪಾಲ್ಗೊಂಡವರೇ.

ಸಂದರ್ಶನ ಸುಮಾರು 45 ನಿಮಿಷದ್ದು. ಫೋನಿನಲ್ಲಿ ಒಂದೇ ಸಲ, ಸಿದ್ಧಪಡಿಸಿಟ್ಟ ಪ್ರಶ್ನಾವಳಿಯಿಂದ. ಪ್ರಶ್ನೆ ಕೇಳಿದವರು ಸ್ಪಿಟ್ಜರ್ ಸ್ವತಃ. ಅಂದರೆ ಊಹೆ ಯಾರದೋ, ಅಳತೆಗೋಲು ಹಿಡಿದವರೂ ಅವರೇ. ಪಾಲ್ಗೊಂಡವರು ಹಾಯ್ದುಬಂದ 'ಚಿಕಿತ್ಸೆ'ಯೂ ಒಂದೇ ಬಗೆಯದಾಗಿರಲಿಲ್ಲ. ಕೆಲವರು ಮನೋವಿಜ್ಞಾನಿಯ ಬಳಿ ಹೋಗಿದ್ದರು, ಕೆಲವರು ಪ್ರಾರ್ಥನಾ ಗುಂಪಿಗೆ, ಇನ್ನು ಕೆಲವರು ಪುಸ್ತಕ ಓದಿಕೊಂಡು ತಾವೇ ಪ್ರಯತ್ನಿಸಿದ್ದರು. ಔಷಧದ ಪರೀಕ್ಷೆಗೆ ಹೋಲಿಸಿದರೆ, ಬೇರೆಬೇರೆ ಮಾತ್ರೆಯನ್ನು ಬೇರೆಬೇರೆ ಕೈಯಿಂದ ಪಡೆದವರನ್ನೆಲ್ಲ ಒಟ್ಟಿಗೆ ಸೇರಿಸಿ ಗುಣವಾಯಿತೇ ಎಂದು ಕೇಳಿದ ಹಾಗೆ.

ಬಂದ ಫಲಿತಾಂಶ ಹೀಗಿತ್ತು. ಗಂಡಸರಲ್ಲಿ 66%, ಹೆಂಗಸರಲ್ಲಿ 44% ಜನ 'ಉತ್ತಮ ವಿರುದ್ಧಲಿಂಗ ಬಾಳುವೆ' ಮುಟ್ಟಿದ್ದಾರೆ ಎಂದು ಲೆಕ್ಕ. ಪ್ರೀತಿಯ ಸಂಬಂಧದಲ್ಲಿರುವುದು, ಅದರ ತೃಪ್ತಿಗೆ 10ರಲ್ಲಿ ಕನಿಷ್ಠ 7 ಅಂಕ ಕೊಡುವುದು, ತಿಂಗಳಿಗೊಮ್ಮೆಯಾದರೂ ದೈಹಿಕ ಸಂಬಂಧ, ಆ ಹೊತ್ತಿನಲ್ಲಿ ಸಲಿಂಗದ ಯೋಚನೆ ಬಾರದಿರುವುದು ಅಥವಾ ಅಪರೂಪವಾಗಿರುವುದು, ಇವು ಅದರ ಅಳತೆಗಳು. ಪೂರ್ಣ ಬದಲಾವಣೆ ಎಂದು ಹೇಳಿಕೊಂಡವರು ಗಂಡಸರಲ್ಲಿ 11%, ಹೆಂಗಸರಲ್ಲಿ 37% ಮಾತ್ರ. ಪೂರ್ಣ ಬದಲಾವಣೆ ವಿರಳ ಎಂದು ಪ್ರಬಂಧವೇ ಹೇಳುತ್ತದೆ. ಸುದ್ದಿಯಲ್ಲಿ ಉಳಿದದ್ದು 66.

ಕೀಲು ಮುರಿದದ್ದು ಎಲ್ಲಿ

ಮೊದಲ ತೊಡಕು ಛೇದದ್ದು. ಭಿನ್ನರಾಶಿಯಲ್ಲಿ ಮೇಲಿರುವುದು ಅಂಶ, ಕೆಳಗಿರುವುದು ಛೇದ. 'ಬದಲಾದವರು 200' ಎಂಬುದು ಅಂಶ. ಎಷ್ಟು ಜನ ಪ್ರಯತ್ನಪಟ್ಟರು ಎಂಬ ಛೇದ ಇಲ್ಲಿ ಇಲ್ಲವೇ ಇಲ್ಲ. 66% ಎಂದರೆ ಚಿಕಿತ್ಸೆ ಪಡೆದವರಲ್ಲಿ 66% ಅಲ್ಲ, 'ನಾವು ಬದಲಾದೆವು' ಎಂದು ಕೈಯೆತ್ತಿದವರಲ್ಲಿ 66%. ಬದಲಾದವರನ್ನೇ ಷರತ್ತು ಹಾಕಿ ಆರಿಸಿಕೊಂಡ ಮೇಲೆ, ಆರಿಸಿದವರೆಲ್ಲ ಬದಲಾಗಿದ್ದಾರೆ ಎಂದು ಕಂಡರೆ ಅದು ಆಯ್ಕೆಯ ಷರತ್ತಿನ ಪ್ರತಿಧ್ವನಿ. ದೇಶಾದ್ಯಂತ ಹಬ್ಬಿದ ಸಂಘಟನೆಗಳು ತಮ್ಮ ಯಶಸ್ಸನ್ನು ತೋರಿಸಲು ಸಿಕ್ಕ ಇಂಥ ಅವಕಾಶದಲ್ಲೂ 16 ತಿಂಗಳಿಗೆ ಸಿಕ್ಕವರು 274 ಜನ ಎಂಬುದು ನಮಗೆ ಪ್ರಬಂಧದ ಅತ್ಯಂತ ಅರ್ಥಪೂರ್ಣ ಅಂಕಿಯಾಗಿ ಕಾಣುತ್ತದೆ.

ಛೇದ ಸೇರಿದರೆ ಅಂಕಿ ಹೇಗೆ ಕುಗ್ಗುತ್ತದೆ ಎಂಬುದಕ್ಕೆ ಇನ್ನೊಂದು ಅಧ್ಯಯನ ಸಾಕ್ಷಿ. ಸ್ಟ್ಯಾಂಟನ್ ಜೋನ್ಸ್ ಮತ್ತು ಮಾರ್ಕ್ ಯಾರ್‌ಹೌಸ್ ಎಕ್ಸೋಡಸ್‌ಗೆ ಸೇರಿದವರನ್ನು ಮುಂದಿನ ವರ್ಷಗಳಿಗೂ ಹಿಂಬಾಲಿಸಿದರು. ಈ ವಿಷಯದಲ್ಲಿ ಅದು ಸ್ಪಿಟ್ಜರ್ ಅವರಿಗಿಂತ ಒಳ್ಳೆಯ ವಿಧಾನ. ಶುರುವಿನಲ್ಲಿ 98 ಜನ. 6-7 ವರ್ಷದ ಕೊನೆಗೆ ವಿಂಗಡಿಸಲು ಸಿಕ್ಕವರು 61. ಅವರಲ್ಲಿ 23% 'ಪರಿವರ್ತನೆ' ಎಂದು ವರದಿಯಾಯಿತು. 61ರ 23% ಎಂದರೆ 14 ಜನ. ಅದೇ 14 ಜನರನ್ನು ಶುರುವಿನ 98ಕ್ಕೆ ಭಾಗಿಸಿದರೆ ಉತ್ತರ ಸುಮಾರು 14%. ಕೊನೆಯ ವಿಂಗಡಣೆಗೆ ಸಿಗದ 37 ಜನ ಏನಾದರು ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ಅಷ್ಟಕ್ಕೂ ಈ 14 ಜನರ ಮಾತೂ ಅವರದೇ ಹೇಳಿಕೆ.

ಎರಡನೆಯದು ನೆನಪಿನ ತೊಡಕು. ಬದಲಾವಣೆ ಕನಿಷ್ಠ 5 ವರ್ಷ ಉಳಿದಿರಬೇಕು ಎಂದಾಗ, 'ಮೊದಲು ಹೇಗಿದ್ದಿರಿ' ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ಐದು ವರ್ಷಕ್ಕೂ ಹಿಂದಿನ ಮನಸ್ಸನ್ನು ನೆನೆದು ಅಂಕ ಕೊಡಬೇಕು. ದಾರಿ ತಪ್ಪಿದ್ದೆ, ಉದ್ಧಾರವಾದೆ ಎಂಬ ಸಾಕ್ಷ್ಯವನ್ನು ಸಭೆಗಳಲ್ಲಿ ಹತ್ತಾರು ಸಲ ಹೇಳಿ ರೂಢಿಯಾದವರಿಗೆ ಹಿಂದಿನ ಅಂಕ ಮೇಲೇರುತ್ತದೆ, ಇಂದಿನ ಅಂಕ ಇಳಿಯುತ್ತದೆ. ಇದಕ್ಕೆ ಸುಳ್ಳು ಹೇಳುವ ಉದ್ದೇಶ ಇರಬೇಕಿಲ್ಲ. ಹೇಳುತ್ತ ಹೇಳುತ್ತ ಕಥೆಯೇ ನೆನಪಾಗಿಬಿಡುತ್ತದೆ.

ಮೂರನೆಯದು ಏನನ್ನು ಅಳೆದರು ಎಂಬುದು. ಲೈಂಗಿಕತೆಯ ಮಾತಿನಲ್ಲಿ ಆಕರ್ಷಣೆ, ನಡವಳಿಕೆ, ಗುರುತು ಮೂರೂ ಬೇರೆಬೇರೆ. ಗಂಡಸರತ್ತಲೇ ಆಕರ್ಷಣೆ ಇರುವವನು ಹೆಣ್ಣನ್ನು ಮದುವೆಯಾಗಿ ಮಕ್ಕಳೊಂದಿಗೆ ಸಂಸಾರ ಮಾಡಬಹುದು, ತನ್ನನ್ನು ಗೇ ಎಂದು ಕರೆದುಕೊಳ್ಳದೆಯೂ ಇರಬಹುದು. ಇಲ್ಲಿ ನಡವಳಿಕೆ ಬದಲಾಗಿದೆ, ಹೆಸರು ಬದಲಾಗಿದೆ, ಆಕರ್ಷಣೆ ಹಾಗೇ ಇದೆ. ಎರಡೂ ಲಿಂಗದವರತ್ತ ಒಲವಿದ್ದವರು ಒಂದು ಕಡೆಯ ಸಂಬಂಧದಲ್ಲಿ ನೆಲೆಯಾದರೆ ಅದೂ ಬದಲಾವಣೆಯಂತೆ ತೋರಬಹುದು. ಸ್ಪಿಟ್ಜರ್ ಆಕರ್ಷಣೆಯನ್ನೂ ಕೇಳಿದ್ದರು ನಿಜ. ಆದರೆ ಆ ಮಾತನ್ನು ಪರೀಕ್ಷಿಸುವ ಬೇರೆ ಯಾವ ಅಳತೆಯೂ ಇರಲಿಲ್ಲ.

ಇದೇ ನಾಲ್ಕನೆಯ ಮತ್ತು ದೊಡ್ಡ ತೊಡಕು, ಸಾಕ್ಷಿಯ ಸ್ಥಾನ. ತನ್ನ ಮದುವೆ, ತನ್ನ ನಂಬಿಕೆಯ ಬಳಗ, ಕೆಲವರಿಗೆ ತಮ್ಮ ಉದ್ಯೋಗವೂ ನಿಂತಿರುವುದು 'ನಾನು ಬದಲಾದೆ' ಎಂಬ ಒಂದು ಮಾತಿನ ಮೇಲೆ. ಅಂಥವರು ಅಪರಿಚಿತ ವೈದ್ಯರಿಗೆ ಫೋನಿನಲ್ಲಿ 'ಇಲ್ಲ, ಬದಲಾಗಿಲ್ಲ' ಎನ್ನುತ್ತಾರೆಯೇ? ಸ್ಪಿಟ್ಜರ್ ಇದಕ್ಕೆ ಉತ್ತರ ಕೊಟ್ಟಿದ್ದರು. ಸುಳ್ಳೇ ಆಗಿದ್ದರೆ ಎಲ್ಲರೂ ಪೂರ್ಣ ಬದಲಾವಣೆ ಎನ್ನುತ್ತಿದ್ದರು, ಗಂಡು-ಹೆಣ್ಣಿನ ನಡುವೆ ಇಷ್ಟು ಅಂತರ ಬರುತ್ತಿರಲಿಲ್ಲ ಎಂಬುದು ಆ ಉತ್ತರದ ಸಾರ. ಕೇಳಲು ಚೆನ್ನಾಗಿದೆ, ಆದರೆ ಸಾಲದು. ತನ್ನನ್ನು ತಾನು ನಂಬಿಸಿಕೊಳ್ಳುವವರು ನೂರಕ್ಕೆ ನೂರು ಎನ್ನುವುದಿಲ್ಲ. 'ಆಗೊಮ್ಮೆ ಈಗೊಮ್ಮೆ ಯೋಚನೆ ಬರುತ್ತದೆ, ಆದರೆ ಈಗ ಹಿಡಿತದಲ್ಲಿದೆ' ಎನ್ನುತ್ತಾರೆ. ಆ ಬಳಗಗಳಲ್ಲಿ ಒಪ್ಪಿತವಾದ ಉತ್ತರವೂ ಅದೇ.

ಪತ್ರಿಕೆಯ ಸಂಪಾದಕ ಕೆನೆತ್ ಝುಕರ್ ಪ್ರಬಂಧವನ್ನು ಎಂದಿನ ಪೂರ್ವಪರಿಶೀಲನೆಗೆ ಕಳಿಸದೆ, ಅದರ ಜೊತೆಗೇ 26 ವಿಮರ್ಶೆಗಳನ್ನು ಅಚ್ಚುಹಾಕಿದರು. ಮೇಲಿನ ಆಕ್ಷೇಪಗಳಲ್ಲಿ ಹೆಚ್ಚಿನವು ಅಂದೇ ಅಲ್ಲಿ ಬಂದಿದ್ದವು. ಆದರೆ ಚಿಕಿತ್ಸೆಯ ಪರ ವಾದಿಸುವವರ ಕರಪತ್ರಕ್ಕೆ ಹೋದದ್ದು ಪ್ರಬಂಧವೊಂದೇ.

ಅದೇ ವೇದಿಕೆಯ ಇನ್ನೊಂದು ಅಧ್ಯಯನ

2001ರ ಆ ಗೋಷ್ಠಿಯಲ್ಲೇ ಏರಿಯಲ್ ಶಿಡ್ಲೋ ಮತ್ತು ಮೈಕೆಲ್ ಶ್ರೋಡರ್ ಎಂಬ ಮನೋವಿಜ್ಞಾನಿಗಳೂ ತಮ್ಮ ಅಧ್ಯಯನ ಮಂಡಿಸಿದರು. 2002ರಲ್ಲಿ ಅದು ಅಚ್ಚಾಯಿತು. ಅವರು ಮಾತನಾಡಿಸಿದ್ದು ಇಂಥ ಚಿಕಿತ್ಸೆ ಪಡೆದಿದ್ದ 202 ಜನರನ್ನು. ವಿಫಲವಾಯಿತು ಎಂದವರು 176, ಒಂದಲ್ಲ ಒಂದು ಬಗೆಯಲ್ಲಿ ಯಶಸ್ಸು ಎಂದವರು 26. ಒಲವೇ ಬದಲಾಯಿತು ಎಂದವರು 8 ಜನ. ವಿಫಲರಾದವರಲ್ಲಿ ಹಲವರು ಖಿನ್ನತೆ, ಆತ್ಮಹತ್ಯೆಯ ಯೋಚನೆ ಮತ್ತು ಪ್ರಯತ್ನ, ತಂದೆತಾಯಿಯನ್ನು ದೂಷಿಸಲು ಕಲಿಸಿದ್ದರಿಂದ ಮುರಿದ ಸಂಬಂಧ, 'ಸಾಕಷ್ಟು ಪ್ರಯತ್ನ ಮಾಡಲಿಲ್ಲ' ಎಂಬ ತಪ್ಪಿತಸ್ಥ ಭಾವ ಇವನ್ನು ಹೇಳಿಕೊಂಡರು.

ಇದೂ ಜಾಹೀರಾತಿನ ಮೂಲಕ ಬಂದವರ ಗುಂಪೇ. ಶುರುವಿನಲ್ಲಿ ಯೋಜನೆಯ ಹೆಸರಲ್ಲೇ 'ಹಾನಿಯ ದಾಖಲೆ' ಎಂಬರ್ಥದ ಮಾತಿತ್ತು. ಲಾಭ ಕಂಡವರೂ ಇದ್ದಾರೆಂದು ತಿಳಿದ ಮೇಲೆ ಹೆಸರನ್ನು ತಟಸ್ಥವಾಗಿಸಿದರು. ಹಾಗಾಗಿ ಇದರ 87% ವಿಫಲತೆಯನ್ನೂ ಎಲ್ಲರಿಗೂ ಅನ್ವಯಿಸುವಂತಿಲ್ಲ. ಹಾಗಾದರೆ ಎರಡೂ ಒಂದೇ ತಕ್ಕಡಿಯವೇ? ಅಲ್ಲ ಎಂಬುದು ನಮ್ಮ ಸ್ಪಷ್ಟ ನಿಲುವು. ನೋವು ಅನುಭವಿಸಿದವರೇ ತಮ್ಮ ನೋವಿಗೆ ನೇರ ಸಾಕ್ಷಿ, ಅದನ್ನು ಹೇಳಿಕೊಂಡರೆ ಅವರಿಗೆ ಬಳಗದ ಬಹುಮಾನವೇನೂ ಸಿಗುವುದಿಲ್ಲ. ಒಂದು ಚಿಕಿತ್ಸೆ ಕೆಲವರಿಗೆ ಅಪಾಯ ತರಬಲ್ಲದು ಎಂದು ಎಚ್ಚರಿಸಲು ಅಂಥ ದಾಖಲೆಗಳು ಸಾಕು. ಚಿಕಿತ್ಸೆ ಫಲಿಸುತ್ತದೆ ಎನ್ನಲು ಹೋಲಿಕೆಯ ಗುಂಪು ಬೇಕು, ಬಿಟ್ಟುಹೋದವರ ಲೆಕ್ಕ ಬೇಕು, ಅಳೆಯುವವರು ಚಿಕಿತ್ಸಕರಿಗಿಂತ ಬೇರೆಯಾಗಿರಬೇಕು, ಪ್ರತಿ ಭೇಟಿಯಲ್ಲೂ ಹಾನಿಯನ್ನು ಕೇಳಿ ಬರೆದುಕೊಂಡಿರಬೇಕು. ರೋಗವೇ ಅಲ್ಲದ್ದಕ್ಕೆ, ಹಾನಿಯ ದಾಖಲೆ ಇರುವ ವಿಧಾನವನ್ನು ಚೀಟಿ ಎತ್ತಿ ಹಂಚಿ ಪರೀಕ್ಷಿಸಲು ಯಾವ ನೀತಿ ಸಮಿತಿ ಒಪ್ಪೀತು? ಹಾಗಾಗಿ 'ಇನ್ನೂ ಸರಿಯಾದ ಪರೀಕ್ಷೆ ಆಗಿಲ್ಲ' ಎಂಬುದು ಚಿಕಿತ್ಸೆ ಮುಂದುವರಿಸಲು ನೆಪವಾಗಲಾರದು.

ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಕಾರ್ಯಪಡೆ 2009ರಲ್ಲಿ, 1960ರಿಂದ 2007ರವರೆಗಿನ 83 ಪ್ರಬಂಧಗಳನ್ನು ಜಾಲಾಡಿ, ಒಲವು ಬದಲಿಸುವ ಪ್ರಯತ್ನ ಫಲಿಸುವ ಸಂಭವ ಕಡಿಮೆ, ಹಾನಿಯ ಅಪಾಯವಿದೆ ಎಂದು ಬರೆಯಿತು.

2012

ಆ ವರ್ಷದ ಜನವರಿಯಲ್ಲಿ ಎಕ್ಸೋಡಸ್‌ನ ಅಧ್ಯಕ್ಷ ಅಲನ್ ಚೇಂಬರ್ಸ್, ತಾವು ಕಂಡವರಲ್ಲಿ 99.9% ಜನರ ಒಲವು ಬದಲಾಗಿಲ್ಲ ಎಂದು ಸಭೆಯೊಂದರಲ್ಲಿ ಒಪ್ಪಿಕೊಂಡರು. ಸ್ಪಿಟ್ಜರ್ ಅವರ ಹಲವು ಸಾಕ್ಷಿಗಳು ಬಂದಂಥ ಬಳಗಗಳ ಮುಂಚೂಣಿಯಲ್ಲಿದ್ದವರ ಮಾತು ಅದು. 2013ರ ಜೂನ್‌ನಲ್ಲಿ ಎಕ್ಸೋಡಸ್ ಬಾಗಿಲು ಹಾಕಿತು.

2012ರ ವಸಂತದಲ್ಲಿ, ಹಿಂದೆ ಇಂಥ ಚಿಕಿತ್ಸೆಗೆ ಒಳಗಾಗಿದ್ದ ಪತ್ರಕರ್ತರೊಬ್ಬರು ಸ್ಪಿಟ್ಜರ್ ಅವರ ಮನೆಗೆ ಹೋದರು. ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲುತ್ತಿದ್ದ ಸ್ಪಿಟ್ಜರ್, ವಿಮರ್ಶಕರು ಹೇಳಿದ್ದು ಬಹುಮಟ್ಟಿಗೆ ಸರಿ ಎಂದು ಅವರ ಮುಂದೆ ಒಪ್ಪಿದರು. ಆ ಬಳಿಕ ಸಂಪಾದಕರಿಗೆ ಪತ್ರ ಬರೆದರು. ಅಧ್ಯಯನದ ಮಾರಕ ದೋಷ ಯಾವುದೆಂದು ಅದರಲ್ಲಿ ಬಿಚ್ಚಿಹೇಳಿದರು: ಪಾಲ್ಗೊಂಡವರ ಮಾತು ನಂಬತಕ್ಕದ್ದೇ ಎಂದು ತಿಳಿಯುವ ದಾರಿಯೇ ಇರಲಿಲ್ಲ, ನಂಬಬಹುದು ಎನ್ನಲು ತಾವು ಕೊಟ್ಟ ಕಾರಣಗಳು ಒಪ್ಪುವಂಥವಲ್ಲ. ಆಧಾರವಿಲ್ಲದ ಮಾತು ಹೇಳಿದ್ದಕ್ಕೆ ಸಲಿಂಗಿ ಸಮುದಾಯದ, ತಮ್ಮ ಅಧ್ಯಯನ ನಂಬಿ ಚಿಕಿತ್ಸೆಗೆ ಹೋಗಿ ಸಮಯ ಮತ್ತು ಶಕ್ತಿ ಕಳೆದುಕೊಂಡವರ ಕ್ಷಮೆ ಕೇಳಿದರು. ಆಗ ಅವರಿಗೆ ಸುಮಾರು 80 ವರ್ಷ. ಇಂಥ ಪತ್ರ ಬರೆಯದೆಯೂ ಅವರ ಹೆಸರು ಉಳಿಯುತ್ತಿತ್ತು. ಬರೆದದ್ದಕ್ಕೆ ನಮ್ಮ ಗೌರವ ಹೆಚ್ಚಿದೆ. 2015ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

2012ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ, 18 ವರ್ಷದೊಳಗಿನವರಿಗೆ ಪರವಾನಗಿ ಪಡೆದ ಚಿಕಿತ್ಸಕರು ಇಂಥ ಚಿಕಿತ್ಸೆ ಕೊಡದಂತೆ ಕಾನೂನು ಮಾಡಿದ ಮೊದಲ ಅಮೆರಿಕನ್ ರಾಜ್ಯವಾಯಿತು. 2016ರಲ್ಲಿ ಮಾಲ್ಟಾ, 2022ರ ಜನವರಿಯಿಂದ ಕೆನಡಾ ನಿಷೇಧ ತಂದವು. ಇವೆರಡರಲ್ಲೂ ಒಲವಿನ ಜೊತೆಗೆ ಲಿಂಗ ಗುರುತೂ ಸೇರಿದೆ.

ಲಿಂಗ ಗುರುತಿನ ಪ್ರಶ್ನೆಗೆ ಇದನ್ನು ಎಳೆಯುವಾಗ

ಸ್ಪಿಟ್ಜರ್ ಅಧ್ಯಯನ ಕೇಳಿದ್ದು ಯಾರತ್ತ ಆಕರ್ಷಣೆ ಎಂದು. ತಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಎಂಬ ಒಳಗಿನ ಅರಿವಿನ ಬಗ್ಗೆ ಅದು ಏನನ್ನೂ ಅಳೆದಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಚರ್ಚೆಯಲ್ಲಿ ಅದರ ಅಂಕಿಗಳನ್ನು ಯಾವ ಪಕ್ಷದವರು ಎತ್ತಿದರೂ ತಪ್ಪು.

ಕ್ಲಿನಿಕ್ಕಿನ ಒಳಗೆ ಕಷ್ಟ ಬರುವುದು ಗೆರೆ ಎಳೆಯುವಾಗ. ಅದೇ ಸಂಪಾದಕ ಝುಕರ್ ಟೊರೊಂಟೊದಲ್ಲಿ ಮಕ್ಕಳ ಲಿಂಗ ಗುರುತಿನ ಕ್ಲಿನಿಕ್ ನಡೆಸುತ್ತಿದ್ದರು. ಅಲ್ಲಿ ನಡೆಯುವುದು ಪರಿವರ್ತನಾ ಚಿಕಿತ್ಸೆ ಎಂಬ ಆರೋಪ ಬಂತು. ಹೊರಗಿನವರ ಪರಿಶೀಲನೆಯ ನಂತರ 2015ರ ಡಿಸೆಂಬರ್‌ನಲ್ಲಿ ಕ್ಲಿನಿಕ್ ಮುಚ್ಚಿತು. ಝುಕರ್ ಆರೋಪ ಅಲ್ಲಗಳೆದರು. ಪರಿಶೀಲನಾ ವರದಿಯಲ್ಲಿ ಅವರ ಬಗ್ಗೆ ಸುಳ್ಳು ಮಾತು ಸೇರಿತ್ತೆಂದು 2018ರಲ್ಲಿ ಆ ಕ್ಲಿನಿಕ್ ಇದ್ದ ಸಂಸ್ಥೆಯೇ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಕ್ಲಿನಿಕ್ಕಿನ ವಿಧಾನ ಸರಿಯೇ ಎಂಬ ಜಗಳ ಅದರಿಂದ ಮುಗಿಯಲಿಲ್ಲ.

ಗೆರೆ ಎಳೆಯಲು ನಾವು ಬಳಸುವ ಪ್ರಶ್ನೆಗಳು ಮೂರು. ಮಾತುಕತೆ ಶುರುವಾಗುವ ಮೊದಲೇ ಅದರ ಕೊನೆ ಹೀಗೇ ಆಗಬೇಕೆಂದು ಯಾರಾದರೂ ನಿರ್ಧರಿಸಿದ್ದಾರೆಯೇ? ಬಂದ ವ್ಯಕ್ತಿ ಹೇಗಿದ್ದಾರೋ ಹಾಗೆಯೇ ಉಳಿದರೆ ಕಡತದಲ್ಲಿ ಅದನ್ನು ಸೋಲು ಎಂದು ಬರೆಯುತ್ತಾರೆಯೇ? ಮನೆಯವರ ಭಯಕ್ಕೂ ಬಂದವರ ಸಂಕಟಕ್ಕೂ ಬೇರೆಬೇರೆ ಪುಟ ಇದೆಯೇ? ಗೊಂದಲದಲ್ಲಿರುವ ಹದಿಹರೆಯದವರೊಡನೆ ಅವಸರವಿಲ್ಲದೆ, ಯಾವ ದಿಕ್ಕಿಗೂ ತಳ್ಳದೆ ಕೂತು ಮಾತನಾಡುವುದು ಆಪ್ತಸಮಾಲೋಚನೆ. ಮೊದಲ ಎರಡು ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ, ಹೊರಗಿನ ಬೋರ್ಡಿನಲ್ಲಿ ಏನೇ ಬರೆದಿರಲಿ, ಒಳಗೆ ನಡೆಯುತ್ತಿರುವುದು ಪರಿವರ್ತನೆಯ ಪ್ರಯತ್ನ.

ಸ್ಪಿಟ್ಜರ್ ಪ್ರಬಂಧವನ್ನು ಪತ್ರಿಕೆ ವಿಧಿವತ್ತಾಗಿ ಹಿಂತೆಗೆದುಕೊಂಡಿಲ್ಲ. ಅಂಕಿಅಂಶಗಳನ್ನು ಯಾರೂ ತಿದ್ದಿರಲಿಲ್ಲ, ತಪ್ಪಿದ್ದು ಅವುಗಳಿಂದ ತೆಗೆದ ಅರ್ಥ. ಪ್ರಬಂಧ 32ನೇ ಸಂಪುಟದಲ್ಲಿದೆ, ಕ್ಷಮೆಯ ಪತ್ರ 41ನೇ ಸಂಪುಟದಲ್ಲಿ. ಮೊದಲನೆಯದನ್ನು ತಂದು ಮುಂದಿಟ್ಟವರಿಗೆ ಎರಡನೆಯದನ್ನೂ ತೆಗೆಸಿ ಓದಿಸಬೇಕು.